ಮುದ್ರಿಸಿದ ಮಾತ್ರೆ: ನಂಬಿಕೆ ಎಷ್ಟು, ನಿಜ ಎಷ್ಟು

ಕಂಪ್ಯೂಟರಿನ ನಕ್ಷೆಯಂತೆ ಪದರದ ಮೇಲೆ ಪದರವಿಟ್ಟು ವಸ್ತುವನ್ನು ಕಟ್ಟುವ ಮೂರು ಆಯಾಮದ ಮುದ್ರಣ ಔಷಧ ತಯಾರಿಕೆಗೂ ಬಂದಿರುವುದರಿಂದ, ಇನ್ನು ಯಂತ್ರವೇ ಔಷಧವನ್ನು ಸೃಷ್ಟಿಸುತ್ತದೆ ಎಂಬ ಕಲ್ಪನೆ ಹಲವರಲ್ಲಿದೆ. ವಾಸ್ತವದಲ್ಲಿ ರೋಗಕ್ಕೆ ನಾಟುವ ಮೂಲದ್ರವ್ಯ ಎಂದಿನಂತೆ ಕಾರ್ಖಾನೆಯಲ್ಲೇ ತಯಾರಾಗುತ್ತದೆ. ಯಂತ್ರವು ಅದನ್ನು ಬೇಕಾದ ಪ್ರಮಾಣದ, ಬೇಕಾದ ಆಕಾರದ ಮಾತ್ರೆಯನ್ನಾಗಿ ಮಾಡುತ್ತದೆ, ಅಷ್ಟೇ.

ಆದರೆ ಆ ಕೆಲಸ ಸಣ್ಣದಲ್ಲ. ಬಳ್ಳಾರಿ ನಗರದಲ್ಲಾಗಲಿ, ಸಿರುಗುಪ್ಪ, ಕುರುಗೋಡಿನ ಹಳ್ಳಿಗಳಲ್ಲಾಗಲಿ, ದೊಡ್ಡವರ ಮಾತ್ರೆಯನ್ನು ಮಗುವಿಗೆ ಕೊಡಬೇಕಾದಾಗ ಅದನ್ನು ಚಾಕುವಿನಿಂದ ಅರ್ಧ ಮಾಡಿ, ಅರ್ಧವನ್ನು ಕಾಲು ಮಾಡಿ, ಎರಡು ಚಮಚಗಳ ನಡುವೆ ಅರೆದು, ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸುವುದುಂಟು. ತುಂಡುಗಳು ಸಮವಾಗಿರುವುದಿಲ್ಲ, ಪುಡಿಯಲ್ಲಿ ಒಂದಿಷ್ಟು ಚಮಚಕ್ಕೇ ಅಂಟಿ ಉಳಿಯುತ್ತದೆ. ಮೂರ್ಛೆರೋಗದ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕೆಲವು ಔಷಧಗಳಲ್ಲಿ ಗುಣ ಕೊಡುವ ಪ್ರಮಾಣಕ್ಕೂ ಕೇಡು ಮಾಡುವ ಪ್ರಮಾಣಕ್ಕೂ ಅಂತರ ತೀರ ಕಡಿಮೆಯಿರುವುದರಿಂದ, ಅಲ್ಲಿ ಈ ಏರುಪೇರು ಜೀವಕ್ಕೇ ಅಪಾಯ ತರಬಲ್ಲದು.

ರೋಗಿಗೆ ತಕ್ಕಂತೆ ಔಷಧ ಮಾಡುವುದು ಹೊಚ್ಚ ಹೊಸ ವಿಚಾರವೆಂಬುದೂ ಸರಿಯಲ್ಲ. ಹಿಂದಿನ ದವಾಖಾನೆಗಳ ಕಾಂಪೌಂಡರ್ ತಕ್ಕಡಿಯಲ್ಲಿ ತೂಗಿ ಪೊಟ್ಟಣ ಕಟ್ಟುತ್ತಿದ್ದುದು, ಹೊತ್ತಿಗೆಷ್ಟು ಕುಡಿಯಬೇಕೆಂದು ತಿಳಿಸಲು ಸೀಸೆಗೆ ಕಚ್ಚು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದುದು ಇದೇ ಕೆಲಸ. ಕಾರ್ಖಾನೆಯ ಮಾತ್ರೆ ಶುದ್ಧತೆಯನ್ನೂ ಅಗ್ಗದ ಬೆಲೆಯನ್ನೂ ತಂದಿತು, ಆ ಹೊಂದಾಣಿಕೆಯನ್ನು ಕಳೆಯಿತು.

ಮುದ್ರಿಸಿದ್ದೆಲ್ಲ ವೈಯಕ್ತಿಕ ಔಷಧವೆಂಬುದು ಇನ್ನೊಂದು ತಪ್ಪು. 2015ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಪಡೆದ ಮೊದಲ ಮುದ್ರಿತ ಮಾತ್ರೆ, ಮೂರ್ಛೆರೋಗದ ಸ್ಪ್ರಿಟಮ್, ಒಂದು ಗುಟುಕು ನೀರಿನಲ್ಲಿ ಕ್ಷಣಗಳಲ್ಲೇ ಕರಗುವಷ್ಟು ಸರಂಧ್ರವಾದದ್ದು, ಅಂದರೆ ಸೂಕ್ಷ್ಮ ರಂಧ್ರಗಳಿಂದ ತುಂಬಿದ್ದು; ಆದರೂ ಅದು ನಿಗದಿತ ಪ್ರಮಾಣಗಳಲ್ಲೇ ಸಗಟಾಗಿ ತಯಾರಾಯಿತು. ನಿಜವಾದ ವೈಯಕ್ತಿಕ ಬಳಕೆಗೆ ಸ್ಪೇನಿನ ಸ್ಯಾಂಟಿಯಾಗೋ ಆಸ್ಪತ್ರೆಯನ್ನು ನೋಡಬೇಕು: ಕೆಲವು ಅಮೈನೊ ಆಮ್ಲಗಳನ್ನು ದೇಹ ವಿಭಜಿಸಲಾಗದ ಅಪರೂಪದ ಆನುವಂಶಿಕ ರೋಗವಿದ್ದ ನಾಲ್ಕು ಮಕ್ಕಳಿಗೆ, ರಕ್ತಪರೀಕ್ಷೆಯ ಫಲಿತಾಂಶಕ್ಕೆ ಹೊಂದಿಸಿದ ಐಸೊಲ್ಯೂಸಿನ್ ಪ್ರಮಾಣವನ್ನು ಅಗಿಯುವ ಮಾತ್ರೆಯಾಗಿ ಅಲ್ಲಿ ಮುದ್ರಿಸಿ ಕೊಟ್ಟ ಅಧ್ಯಯನ 2019ರಲ್ಲಿ ಪ್ರಕಟವಾಯಿತು.

ಇಂತಹ ಯಂತ್ರ ನಾಳೆ ಬೀದಿಯ ಮೆಡಿಕಲ್ ಅಂಗಡಿಗೂ ಮನೆಗೂ ಬರುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ತಂತಿಯಂತಹ ಔಷಧ ಮಿಶ್ರಣವನ್ನು ಕರಗಿಸಿ ಹಿಂಡುವ ವಿಧಾನದಲ್ಲಿ ಹಲವು ಬಾರಿ 150 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖ ಬೇಕಾಗುತ್ತದೆ, ಅದನ್ನು ತಾಳದ ಔಷಧ ಕೆಡುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯಲ್ಲಿ ಕಚ್ಚಾ ಮಿಶ್ರಣವನ್ನು ಕಾಪಾಡುವುದಕ್ಕೇ ಹವಾನಿಯಂತ್ರಿತ ಕೊಠಡಿ ಬೇಕು. ಪ್ರತಿ ಮಾತ್ರೆಯ ತೂಕವನ್ನೂ ಔಷಧಾಂಶವನ್ನೂ ಪರೀಕ್ಷಿಸುವ ತಜ್ಞರಿರಬೇಕು. ಮಾರಾಟಕ್ಕೆ ಔಷಧ ತಯಾರಿಸಲು 1940ರ ಔಷಧ ಮತ್ತು ಪ್ರಸಾಧನ ಕಾಯ್ದೆಯಡಿ ಪರವಾನಗಿಯೂ ಬೇಕು. ಈ ಜಿಲ್ಲೆಯಲ್ಲಿ ಅದಕ್ಕೆ ತಕ್ಕ ಜಾಗವೆಂದರೆ 1961ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿನಂತಹ ದೊಡ್ಡ ಆಸ್ಪತ್ರೆಯ ಔಷಧ ವಿಭಾಗವೇ.

ಅಂತಹ ಕಡೆ ಈ ಯಂತ್ರ ಬರುವವರೆಗೆ, ನಿಧಾನವಾಗಿ ಕರಗುವ ಅಥವಾ ರಕ್ಷಣಾ ಲೇಪವಿರುವ ಮಾತ್ರೆಯನ್ನು ಫಾರ್ಮಸಿಸ್ಟರನ್ನು ಕೇಳದೆ ಮುರಿಯಬಾರದು, ಮಗುವಿಗೆ ಅದೇ ಔಷಧ ಸಿರಪ್ ರೂಪದಲ್ಲಿದೆಯೇ ಎಂದು ವೈದ್ಯರನ್ನು ಮೊದಲೇ ಕೇಳಬೇಕು.