ತೊಟ್ಟಿಲಿಗೆ ಬಂದ ಬಳಪದ ಕಲ್ಲು

ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯದ ಕಲ್ಲಿಗೂ ತೊಟ್ಟಿಲ ಕೂಸಿನ ಪೌಡರಿಗೂ ಏನು ಸಂಬಂಧ? ಹೊಯ್ಸಳ ಶಿಲ್ಪಿಗಳಿಗೆ ಪ್ರಿಯವಾಗಿದ್ದ ಬಳಪದ ಕಲ್ಲಿಗೆ ಮೃದುತ್ವ ಕೊಡುವ ಟಾಲ್ಕ್ ಎಂಬ ಖನಿಜವೇ ಟಾಲ್ಕಂ ಪೌಡರಿನ ಮೂಲದ್ರವ್ಯ. (ನಾವು ಸ್ಲೇಟಿನ ಮೇಲೆ ತೀಡಿದ ಬಳಪವೂ ಇದೇ ಬಳಗದ್ದು.) ಉಗುರಿನಿಂದ ಗೀರಿದರೂ ಗೆರೆ ಬೀಳುತ್ತದೆ, ಮೋಸ್ ಮಾಪಕದಲ್ಲಿ ಇದರ ಗಡಸುತನ ಕೇವಲ 1.

ನೀರೆರೆದ ಮೇಲೆ ಕೂಸಿನ ಕತ್ತು, ಕಂಕುಳಿಗೆ ಪೌಡರ್ ಬಳಿಯುವುದು ನಮ್ಮ ಮನೆಗಳ ವಾಡಿಕೆ. ಚರ್ಮಕ್ಕೆ ಅದರಿಂದ ಅಷ್ಟೇನೂ ಬಾಧೆಯಿಲ್ಲ. ತಾಪತ್ರಯ ಶುರುವಾಗುವುದು ಮೂಗಿನಿಂದ. ಡಬ್ಬಿ ಕೊಡವಿದಾಗ ಏಳುವ ನವಿರು ಧೂಳು ಕೂಸಿನ ಸಪೂರ ಶ್ವಾಸನಾಳಕ್ಕೆ ಇಳಿದರೆ ನೀರಿನಲ್ಲಿ ಕರಗದು, ಅಲ್ಲೇ ಕೂತು ಕೆರಳಿಸುತ್ತದೆ. ಆಡಲು ಕೊಟ್ಟ ಡಬ್ಬಿಯ ಪುಡಿಯನ್ನು ಮುಖಕ್ಕೆ ಸುರಿದುಕೊಂಡು ಉಸಿರುಗಟ್ಟಿ ಜೀವ ಕಳೆದುಕೊಂಡ ಮಕ್ಕಳ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಇನ್ನೊಂದು ಅಂಜಿಕೆ ಕಲ್ನಾರಿನದು. ನೆಲದೊಳಗೆ ಟಾಲ್ಕ್ ಮತ್ತು ಕಲ್ನಾರು ಕೆಲವೆಡೆ ಒಟ್ಟಿಗೇ ಇರುತ್ತವೆ. ಸಾವಿರಾರು ಮೊಕದ್ದಮೆಗಳ ನಡುವೆ ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಮಕ್ಕಳ ಟಾಲ್ಕ್ ಪೌಡರನ್ನು 2020ರಲ್ಲಿ ಅಮೆರಿಕ, ಕೆನಡಾಗಳಲ್ಲೂ 2023ರಲ್ಲಿ ಜಗತ್ತಿನಾದ್ಯಂತವೂ ಕೈಬಿಟ್ಟು ಮೆಕ್ಕೆಜೋಳದ ಪಿಷ್ಟಕ್ಕೆ ಹೊರಳಿತು. ತನ್ನ ಟಾಲ್ಕಿನಲ್ಲಿ ಕಲ್ನಾರಿಲ್ಲವೆಂದೇ ಅದರ ವಾದ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಟಾಲ್ಕನ್ನು 'ಬಹುಶಃ ಕ್ಯಾನ್ಸರ್‌ಕಾರಕ' ವಸ್ತುಗಳ ಸಾಲಿಗೆ ಸೇರಿಸಿತು.

ಪಿಷ್ಟದ ಪುಡಿಯಾದರೆ ಎರಚಬಹುದೆಂದಲ್ಲ, ಅದೂ ಧೂಳೇ. ಹಾಕಲೇಬೇಕೆನ್ನುವ ಅಜ್ಜಿಯರು ಕೂಸಿನಿಂದ ದೂರ ನಿಂತು ಅಂಗೈಗೆ ಸುರಿದುಕೊಂಡು, ಆಮೇಲೆ ಮೆಲ್ಲಗೆ ಸವರಲಿ. ಕತ್ತಿನ ಮಡಿಕೆಗಳನ್ನು ಹಳೇ ಪಂಚೆಯ ಮೆತ್ತನೆಯ ತುಂಡಿನಿಂದ ಒತ್ತಿ ಒರೆಸಿದರೆ ಡಬ್ಬಿ ಮುಚ್ಚಿಯೇ ಇರಬಹುದು.