ಲ್ಯಾಪ್‌ಟಾಪಿನ ಪುನಶ್ಚೇತನ ವ್ಯವಸ್ಥೆ : ಒಂದು ವಿವೇಚನೆ

ಆಪತ್ತಿಗಾದವನೇ ನೆಂಟ ಎಂಬುದು ಹಿರಿಯರು ಕಂಡುಕೊಂಡ ಸತ್ಯ. ಲ್ಯಾಪ್‌ಟಾಪ್ ಎಂಬ ಕಿರುಗಣಕಯಂತ್ರಕ್ಕೂ ಅಂಥ ಒಬ್ಬ ನೆಂಟನುಂಟು. ಯಂತ್ರವನ್ನು ನಡೆಸುವ ವಿಂಡೋಸ್ ತಂತ್ರಾಂಶವು ಕೆಟ್ಟು ನಿಂತಾಗ ಅದನ್ನು ಎತ್ತಿ ನಿಲ್ಲಿಸುವುದಕ್ಕಾಗಿಯೇ ಇರುವ ಈ ಏರ್ಪಾಡಿಗೆ ‘ರಿಕವರಿ ಮೋಡ್’ ಎಂದು ಹೆಸರು. ಕನ್ನಡದಲ್ಲಿ ಪುನಶ್ಚೇತನ ವ್ಯವಸ್ಥೆ ಎನ್ನಬಹುದು. ಆಪತ್ತಿನ ವೇಳೆಯಲ್ಲಿ ಆ ನೆಂಟನೇ ಬಾರದಿದ್ದರೆ ಮಾಡತಕ್ಕದ್ದೇನು? ವಿದ್ಯಾರ್ಥಿಗಳ ಅಂಕಪಟ್ಟಿ, ದಾಖಲಾತಿಯ ವಿವರ, ದಾಸೋಹಕ್ಕೆ ಬಂದ ಕಾಣಿಕೆಯ ಲೆಕ್ಕ ಇವೆಲ್ಲವೂ ಇಂದು ಯಂತ್ರದ ಉದರವನ್ನು ಸೇರಿರುವುದರಿಂದ ಈ ಪ್ರಶ್ನೆ ತಂತ್ರಜ್ಞರದು ಮಾತ್ರವಲ್ಲ, ವಿದ್ಯಾಸಂಸ್ಥೆಗಳದೂ ಆಗಿದೆ.

ಮೊದಲು ಈ ವ್ಯವಸ್ಥೆಯ ಸ್ವರೂಪವನ್ನು ಅರಿಯಬೇಕು. ಯಂತ್ರದ ಡಿಸ್ಕಿನಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಕಾಣದ ಒಂದು ಸಣ್ಣ ವಿಭಾಗವುಂಟು. ವಿಂಡೋಸಿನ ಪುಟ್ಟ ಪ್ರತಿರೂಪವೊಂದನ್ನು ಅಲ್ಲಿ ಒಂದೇ ಕಡತವಾಗಿ ಮಡಿಚಿಟ್ಟಿರುತ್ತದೆ. ಯಂತ್ರದ ಆರಂಭವು ಒಂದರ ಹಿಂದೊಂದರಂತೆ ಎರಡು ಸಲ ವಿಫಲವಾದರೆ, ಮುಂದಿನ ಸಲ ಈ ಪ್ರತಿರೂಪವು ತಾನಾಗಿ ಎದ್ದು ದುರಸ್ತಿಯ ಆಯ್ಕೆಗಳನ್ನು ತೋರಿಸಬೇಕು. ಆದರೆ ರಕ್ಷಕನೂ ರಕ್ಷಿತನೂ ಒಂದೇ ಡಿಸ್ಕಿನಲ್ಲಿ ವಾಸಿಸುವರೆಂಬುದನ್ನು ಮರೆಯಲಾಗದು. ಡಿಸ್ಕು ಕೆಟ್ಟರೆ ಇಬ್ಬರೂ ಒಟ್ಟಿಗೇ ಮುಳುಗುತ್ತಾರೆ.

ಡಿಸ್ಕು ಸರಿಯಿದ್ದಾಗಲೂ ರಕ್ಷಕನು ದುರ್ಬಲನಾಗಬಹುದೆಂಬುದಕ್ಕೆ ಇತ್ತೀಚಿನ ನಿದರ್ಶನಗಳುಂಟು. 2024ರ ಜನವರಿಯಲ್ಲಿ ಈ ವ್ಯವಸ್ಥೆಯನ್ನು ಭದ್ರಪಡಿಸಲು ಮೈಕ್ರೋಸಾಫ್ಟ್ ಸಂಸ್ಥೆ ಹೊರತಂದ ಪರಿಷ್ಕರಣವು, ಆ ವಿಭಾಗದಲ್ಲಿ ಸ್ಥಳ ಸಾಲದೆ ಅನೇಕ ಯಂತ್ರಗಳಲ್ಲಿ ನೆಲೆಗೊಳ್ಳಲಿಲ್ಲ. ವಿಭಾಗವನ್ನು 250 ಮೆಗಾಬೈಟ್‌ಗಳಷ್ಟು ಹಿಗ್ಗಿಸಬೇಕೆಂದು ಸಂಸ್ಥೆಯೇ ಸೂಚಿಸಬೇಕಾಯಿತು. 2025ರ ಅಕ್ಟೋಬರ್ 14ರ ಪರಿಷ್ಕರಣದ ತರುವಾಯ ವಿಂಡೋಸ್ 11ರಲ್ಲಿ ಮತ್ತೊಂದು ವೈಚಿತ್ರ್ಯ ತೋರಿತು. ಯುಎಸ್‌ಬಿ ಮೂಲಕ ಜೋಡಿಸಿದ ಕೀಲಿಮಣೆ, ಮೌಸುಗಳು ಎಂದಿನ ಕೆಲಸಕ್ಕೆ ಒದಗುತ್ತಿದ್ದರೂ ಪುನಶ್ಚೇತನ ವ್ಯವಸ್ಥೆಯೊಳಗೆ ನಿಶ್ಚೇಷ್ಟಿತವಾದವು. ಅಕ್ಟೋಬರ್ 20ರಂದು ತುರ್ತು ಪರಿಷ್ಕರಣದಿಂದ ಆ ದೋಷವನ್ನು ನಿವಾರಿಸಲಾಯಿತು.

ಇನ್ನು ಪರೀಕ್ಷಾಕ್ರಮ. ವೈದ್ಯನು ನಾಡಿ ನೋಡಿದ ಮೇಲೆಯೇ ಔಷಧ ಕೊಡುವಂತೆ, ಇಲ್ಲಿಯೂ ಲಕ್ಷಣವನ್ನು ಗಮನಿಸಿಯೇ ಮುಂದುವರಿಯಬೇಕು. ದೀಪವೇ ಹೊತ್ತದಿದ್ದರೆ ಅದು ವಿದ್ಯುತ್ತಿನ ಅಥವಾ ಯಂತ್ರಭಾಗದ ದೋಷ. ಚಾರ್ಜರನ್ನೂ ಹೊರಗಿನಿಂದ ಜೋಡಿಸಿದ ಎಲ್ಲ ಉಪಕರಣಗಳನ್ನೂ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದು ಬಿಟ್ಟು, ಚಾರ್ಜರನ್ನು ಮಾತ್ರ ಜೋಡಿಸಿ ಮತ್ತೆ ಆರಂಭಿಸಿ ನೋಡತಕ್ಕದ್ದು. ತಯಾರಕರ ಲಾಂಛನ ಮೂಡಿದ ಮೇಲೆ ಯಂತ್ರ ನಿಲ್ಲುವುದಾದರೆ, ಮರಳಿ ಆರಂಭಿಸುವಾಗ ಎಫ್2, ಎಫ್10 ಅಥವಾ ಡಿಲೀಟ್ ಕೀಲಿಯನ್ನು ಒತ್ತಿ ಮೂಲ ವಿನ್ಯಾಸದ ಫಲಕವನ್ನು ತೆರೆಯಬೇಕು. ಕೀಲಿ ಯಾವುದೆಂಬುದು ತಯಾರಕರನ್ನು ಅನುಸರಿಸಿ ಬೇರೆಯಾಗುತ್ತದೆ. ಅಲ್ಲಿ ಡಿಸ್ಕಿನ ಹೆಸರೇ ಕಾಣದಿದ್ದರೆ ಪದೇ ಪದೇ ಆರಂಭಿಸುತ್ತ ಕೂರದೆ ಬಲ್ಲ ತಂತ್ರಜ್ಞರಿಗೆ ಒಪ್ಪಿಸುವುದೇ ಲೇಸು.

ಡಿಸ್ಕು ಕಂಡರೆ ಆಶೆಯುಂಟು. ಒಳಗಿನ ರಕ್ಷಕನು ಏಳದಿದ್ದಲ್ಲಿ ಹೊರಗಿನ ರಕ್ಷಕನನ್ನು ಕರೆತರಬಹುದು. ಬೇರೊಂದು ಗಣಕಯಂತ್ರದಲ್ಲಿ, ಮೈಕ್ರೋಸಾಫ್ಟ್ ಉಚಿತವಾಗಿ ಒದಗಿಸುವ ಸಾಧನದಿಂದ, ಕನಿಷ್ಠ 8 ಗಿಗಾಬೈಟಿನ ಬರಿದಾದ ಪೆನ್‌ಡ್ರೈವಿನಲ್ಲಿ ವಿಂಡೋಸಿನ ಸ್ಥಾಪನಾ ಪ್ರತಿಯನ್ನು ಸಿದ್ಧಪಡಿಸಿ, ಕೆಟ್ಟ ಯಂತ್ರವನ್ನು ಅದರಿಂದ ಆರಂಭಿಸಬೇಕು. ಆಗ ‘ಇನ್‌ಸ್ಟಾಲ್’ ಎಂಬುದನ್ನು ಮುಟ್ಟದೆ ‘ರಿಪೇರ್’ ಎಂಬುದನ್ನೇ ಆರಿಸತಕ್ಕದ್ದು. ಆರಂಭದ ದುರಸ್ತಿ, ಹೊಸ ಪರಿಷ್ಕರಣವನ್ನು ಹಿಂತೆಗೆಯುವುದು ಮುಂತಾದ ಉಪಾಯಗಳು ಅಲ್ಲಿ ದೊರೆಯುತ್ತವೆ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗವಿದ್ದರೆ 48 ಅಂಕಿಗಳ ಕೀಲಿಸಂಖ್ಯೆಯನ್ನು ಯಂತ್ರವು ಕೇಳಬಹುದು. ಅದಿಲ್ಲದೆ ಒಳಗಿನ ಬರಹ ಯಾರ ಕೈಗೂ ಸಿಗದು. ಎರಡನೆಯದಾಗಿ, ‘ರೀಸೆಟ್’ ಎಂಬುದು ಕಟ್ಟಕಡೆಯ ಉಪಾಯ. ಕಡತಗಳನ್ನು ಉಳಿಸಿಕೊಳ್ಳುವ ಆಯ್ಕೆಯಲ್ಲಿಯೂ ಸ್ಥಾಪಿಸಿಕೊಂಡ ತಂತ್ರಾಂಶಗಳು ಹೋಗುತ್ತವೆ. ಎಲ್ಲವನ್ನೂ ಅಳಿಸುವ ಆಯ್ಕೆಯನ್ನು ಕೈತಪ್ಪಿ ಒತ್ತಿದರೆ ವರ್ಷಗಳ ದಾಖಲೆ ಕ್ಷಣದಲ್ಲಿ ಇಲ್ಲವಾಗುತ್ತದೆ. ಆದುದರಿಂದ ಮೊದಲು ಕಡತಗಳ ರಕ್ಷಣೆ, ಅನಂತರ ಯಂತ್ರದ ದುರಸ್ತಿ.

ಯಂತ್ರವು ಚೇತರಿಸಿಕೊಂಡ ಮೇಲೆ ರಕ್ಷಕನ ಆರೋಗ್ಯವನ್ನೂ ವಿಚಾರಿಸಬೇಕು. ಕಮಾಂಡ್ ಪ್ರಾಂಪ್ಟ್ ಎಂಬ ಆಜ್ಞಾಫಲಕವನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಿಂದ ತೆರೆದು, ಆರ್-ಇ-ಎ-ಜಿ-ಇ-ಎನ್-ಟಿ-ಸಿ ಎಂಬ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಬರೆದು, ತೆರಪು ಬಿಟ್ಟು, ಓರೆಗೆರೆಯೊಡನೆ ‘ಇನ್ಫೋ’ ಎಂದು ಸೇರಿಸಿದರೆ ವ್ಯವಸ್ಥೆಯ ಸ್ಥಿತಿ ತಿಳಿಯುತ್ತದೆ. ‘ಡಿಸೇಬಲ್ಡ್’ ಎಂದು ಕಂಡರೆ ‘ಇನ್ಫೋ’ ಇದ್ದ ಸ್ಥಳದಲ್ಲಿ ‘ಎನೇಬಲ್’ ಎಂದು ಬರೆದು ಎಚ್ಚರಗೊಳಿಸಬಹುದು. ಆ ಕಡತವೇ ಇಲ್ಲವಾಗಿದ್ದರೆ ಮಾತ್ರ ಈ ಆಜ್ಞೆ ಫಲಿಸದು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ಜಾಣತನವಲ್ಲ. ಯಂತ್ರವು ಸುಸ್ಥಿತಿಯಲ್ಲಿರುವಾಗಲೇ ಒಂದು ಪೆನ್‌ಡ್ರೈವನ್ನು ಸಿದ್ಧಪಡಿಸಿಡುವುದು, 48 ಅಂಕಿಗಳನ್ನು ಕಾಗದದ ಮೇಲೆ ಮುದ್ರಿಸಿ ದಾಖಲಾತಿ ಪುಸ್ತಕದೊಡನೆ ಕಪಾಟಿನಲ್ಲಿರಿಸುವುದು, ಮುಖ್ಯ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಕಾಪಾಡುವುದು: ಈ ಮೂರು ಕಾರ್ಯಗಳಿಗೆ ಒಂದು ಮಧ್ಯಾಹ್ನ ಸಾಕು. ಯಂತ್ರವನ್ನು ಮತ್ತೆ ಕೊಳ್ಳಬಹುದು. ಒಬ್ಬ ವಿದ್ಯಾರ್ಥಿಯ ಹತ್ತು ವರ್ಷಗಳ ದಾಖಲೆ ಕೊಳ್ಳುವಂಥದಲ್ಲ. ಅದನ್ನು ಕಾಯುವುದೂ ಶಾಲೆಯ ಕಾಯಕವೇ ಆಗಿದೆ.