ಹಲ್ಲುನೋವಿಗೆ ಗುಳಗಿ ಸಾಕೇನು?

ಇಂಟರ್ನಲ್ಸ್ ಹತ್ತಿರ ಬಂದಾಗ ಹಲ್ಲು ನೋಯಲು ಶುರುವಾದರೆ ನಮ್ಮಲ್ಲಿ ಬಹಳ ಮಂದಿ ಹೋಗೋದು ಮೆಡಿಕಲ್ ಶಾಪ್‌ಗೆ. "ಅಣ್ಣಾ, ಹಲ್ಲ ನೋಯಾಕತ್ತೇತಿ, ಒಂದ್ ಗುಳಗಿ ಕೊಡ್ರಿ." ಕೆಲವೊಮ್ಮೆ ನೋವಿನ ಗುಳಗಿ ಜೊತೆ ಅಮಾಕ್ಸಿಸಿಲಿನ್ ಥರದ ಆಂಟಿಬಯೋಟಿಕ್ ಕೂಡ ಸಿಗುತ್ತದೆ. ಅದು ಹಲ್ಲಿನ ಸೋಂಕನ್ನು ವಾಸಿ ಮಾಡುತ್ತದಾ?

ಹಲ್ಲಿನ ಒಳಗೆ ಪಲ್ಪ್ ಅಂತ ಮೆತ್ತಗಿನ ಭಾಗವಿದೆ. ನರ, ರಕ್ತನಾಳ ಎಲ್ಲ ಅದರಲ್ಲೇ ಇರುತ್ತವೆ, ಬೇರಿನ ತುದಿಯ ಸಣ್ಣ ತೂತಿನಿಂದ ಒಳಗೆ ಬರುತ್ತವೆ. ಹುಳುಕು ಪಲ್ಪ್ ಮುಟ್ಟಿದರೆ ಬ್ಯಾಕ್ಟೀರಿಯಾ ಒಳಗೆ ಸೇರಿ ಪಲ್ಪ್ ಊದುತ್ತದೆ. ಆದರೆ ಸುತ್ತಲೂ ಗಟ್ಟಿ ಗೋಡೆ, ಊದಲು ಜಾಗವಿಲ್ಲ. ಪ್ರೆಶರ್ ಏರುತ್ತದೆ, ರಕ್ತ ಓಡಾಟ ನಿಂತು ಪಲ್ಪ್ ಸಾಯುತ್ತದೆ. ಆಗ ನೋವು ಒಮ್ಮೆಲೇ ಕಡಿಮೆ ಆಗಬಹುದು. "ಗುಳಗಿ ಕೆಲಸ ಮಾಡ್ತು" ಅಂದ್ಕೋತೀವಿ, ಆದರೆ ಸತ್ತಿರೋದು ನರ. ಬ್ಯಾಕ್ಟೀರಿಯಾ ಬೇರಿನ ತುದಿ ದಾಟಿ ಎಲುಬಿನಲ್ಲಿ ಕೀವು ಮಾಡುತ್ತಿರುತ್ತದೆ.

ಆಂಟಿಬಯೋಟಿಕ್ ಓಡಾಡೋದು ರಕ್ತದಲ್ಲಿ. ಸತ್ತ ಪಲ್ಪ್‌ಗೆ ರಕ್ತವೇ ಹೋಗಲ್ಲ. ಪೈಪ್ ಕಟ್ ಆದ ಮನೆಗೆ ಕಾರ್ಪೊರೇಷನ್‌ನವರು ಎಷ್ಟು ನೀರು ಬಿಟ್ಟರೂ ಬರಂಗಿಲ್ಲ, ಹಂಗೇ ಇದು. ಅದಕ್ಕೇ ರೂಟ್ ಕೆನಾಲ್ ಮಾಡಿ ಒಳಗಿನ ಕೊಳೆ ತೆಗೀಬೇಕು, ಕೀವು ಹೊರಗೆ ಬಿಡಬೇಕು, ಇಲ್ಲಾ ಹಲ್ಲು ಕೀಳಬೇಕು. ಈ ಚಿಕಿತ್ಸೆ ಸಿಗುವಾಗ ಆರೋಗ್ಯವಂತ ವಯಸ್ಕರ ಬಹುತೇಕ ಹಲ್ಲುನೋವಿಗೆ ಆಂಟಿಬಯೋಟಿಕ್ ಬೇಡ ಅಂತ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರಲ್ಲಿ ಹೇಳಿದೆ.

ಹಾಗಾದರೆ ಆಂಟಿಬಯೋಟಿಕ್ ಯಾವಾಗ ಬೇಕು? ಸೋಂಕು ಹಲ್ಲು ಬಿಟ್ಟು ಹರಡಿದಾಗ: ಜ್ವರ ಬಂದರೆ, ಮುಖ ಅಥವಾ ಕುತ್ತಿಗೆ ಬಾತರೆ. ಆಗಲೂ ಅದು ಚಿಕಿತ್ಸೆಯ ಜೊತೆಗೆ, ಬದಲಿಗೆ ಅಲ್ಲ. ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಬೆಳಗಾಗುವ ತನಕ ಕಾಯಬೇಡಿ. ದವಡೆ ಕೆಳಗಿನ ಬಾವು ಉಸಿರಿನ ದಾರಿ ಮುಚ್ಚಿ ಜೀವ ತೆಗೆಯಬಹುದು. ನೇರ ಕಿಮ್ಸ್‌ನಂಥ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಗುಳಗಿ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ನೋಡಿರಬಹುದು. ಡಾಕ್ಟರ್ ಚೀಟಿ ಇಲ್ಲದೆ ತಗೋಬಾರದು ಅಂತ ಅದರ ಅರ್ಥ. ಕೇಂದ್ರ ಸರ್ಕಾರ 2016ರಲ್ಲಿ ಇದರ ಬಗ್ಗೆ ಪ್ರಚಾರವನ್ನೂ ಶುರು ಮಾಡಿತು. ಬೇಡದಾಗೆಲ್ಲ ನುಂಗಿದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಉಳಿದು ಬೆಳೆಯುತ್ತವೆ. ರೂಮ್‌ಮೇಟ್ ಬಳಿ ಉಳಿದ ನಾಲ್ಕು ಗುಳಗಿಗೂ ಇದೇ ಮಾತು.

ಹುಬ್ಬಳ್ಳಿ-ಧಾರವಾಡ ನಡುವೆ ಸತ್ತೂರಿನಲ್ಲೇ ಎಸ್‌ಡಿಎಂ ಡೆಂಟಲ್ ಕಾಲೇಜು ಇದೆ. ಹಲ್ಲು ಜುಮ್ ಅನ್ನುವಾಗಲೇ ತೋರಿಸಿದರೆ ಬರೀ ಫಿಲ್ಲಿಂಗ್‌ನಲ್ಲೇ ಮುಗಿಯಬಹುದು.